ಹಾಡು ಗೊತ್ತು, ಆಲ್ಬಂ ಗೊತ್ತಿಲ್ಲ: ರಘು ದೀಕ್ಷಿತ್, 2008

1/10
ಒಂದು ಸಣ್ಣ ಪರೀಕ್ಷೆ. ಹೆದರಬೇಡಿ, ಮಾರ್ಕ್ಸ್ ಇಲ್ಲ.

ಕಾಲೇಜ್ ಫೆಸ್ಟ್‌ನಲ್ಲಿ ಯಾವುದೋ ಬ್ಯಾಂಡ್ ‘ಗುಡುಗುಡಿಯಾ ಸೇದಿ ನೋಡೋ’ ಶುರು ಮಾಡಿದ್ರೆ ನಾವೆಲ್ಲ ಬ್ಯಾಗ್ ಪಕ್ಕಕ್ಕಿಟ್ಟು ಕುಣೀತೀವಿ. ‘ಮೈಸೂರ್ ಸೇ ಆಯೀ’ ಯಾರದ್ದೋ ರೀಲ್‌ನಲ್ಲಿ ಕೇಳಿರ್ತೀವಿ. ‘ಸೋರುತಿಹುದು ಮನೆಯ ಮಾಳಿಗಿ’ ಅಪ್ಪನ ಕಾರಲ್ಲಿ ಒಂದು ಧಾಟಿ, ನಮ್ಮ ಇಯರ್‌ಫೋನಲ್ಲಿ ಇನ್ನೊಂದು ಧಾಟಿ. ಈಗ ಪ್ರಶ್ನೆ: ನಮ್ಮ ಇಯರ್‌ಫೋನಿನ ಆ ಮೂರೂ ಹಾಡು ಒಂದೇ ಆಲ್ಬಂನಿಂದ ಬಂದಿದ್ದು ಅಂತ ಎಷ್ಟು ಜನಕ್ಕೆ ಗೊತ್ತು?

ಆಲ್ಬಂ ಬಂದಿದ್ದು 2008ರಲ್ಲಿ. ಅದರ ಹೆಸರೂ ‘ರಘು ದೀಕ್ಷಿತ್’, ಹಾಡಿದವರ ಹೆಸರೂ ರಘು ದೀಕ್ಷಿತ್. ಒಟ್ಟು ಎಂಟು ಹಾಡು, ಮೂರು ಭಾಷೆ. ಒಂದು ಬ್ಯಾಂಡ್ ಒಡೆದ ಮೇಲೆ ತಮ್ಮ ಸ್ವಂತ ಹೆಸರಲ್ಲಿ ಅವರು ತಂದ ಮೊದಲ ಆಲ್ಬಂ.

ಸಾಮಾನ್ಯವಾಗಿ ‘ಮರೆತುಹೋದ ಆಲ್ಬಂ’ ಅಂದ್ರೆ ಸೋತು ಮೂಲೆ ಸೇರಿದ್ದು ಅಂದ್ಕೋತೀವಿ. ಇದರ ಕಥೆ ಬೇರೆ. ಇದರ ಹಾಡುಗಳು ಗೆದ್ದವು. ಎಷ್ಟು ಗೆದ್ದವು ಅಂದ್ರೆ ಒಂದೊಂದೂ ಒಂದೊಂದು ದಿಕ್ಕಿಗೆ ಹೋಗಿ, ಅವು ಹುಟ್ಟಿದ ಮನೆ ಯಾವುದು ಅನ್ನೋದೇ ನಮಗೆ ನೆನಪಿಲ್ಲ. ಈ ಸಲದ ಹತ್ತು ಪೋಸ್ಟ್‌ಗಳಲ್ಲಿ ಆ ಮನೆಗೆ ವಾಪಸ್ ಹೋಗೋಣ. ಎಂಟು ಹಾಡನ್ನ ಒಟ್ಟಿಗೆ ಇಟ್ಟು ಕೇಳಿದಾಗ ಮಾತ್ರ ಕೇಳಿಸೋ ಒಂದು ವಿಷಯ ಅದರೊಳಗಿದೆ, ಅದನ್ನ ಹೇಳಬೇಕು.

2/10
ಫೋಟೋ: ಜಯನಗರ ಮೆಟ್ರೋ ನಿಲ್ದಾಣ, ಹಸಿರು ಮಾರ್ಗ.

ಎಂಜಿ ರೋಡಿಗೆ ಹೋಗಬೇಕು ಅಂದ್ರೆ ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಮಾರ್ಗ ಹಿಡೀಬೇಕು ಅಲ್ವಾ? ಬೆಂಗಳೂರಿನ ಸಂಗೀತಕ್ಕೂ ತುಂಬಾ ವರ್ಷ ಹೀಗೇ ಎರಡು ಲೈನ್ ಇತ್ತು. ತೊಂದರೆ ಏನಂದ್ರೆ ಮಧ್ಯದಲ್ಲಿ ಮೆಜೆಸ್ಟಿಕ್ ಇರಲಿಲ್ಲ.

ಒಂದು ಲೈನ್ ಕಂಟೋನ್ಮೆಂಟ್ ಕಡೆಯದು. ಬ್ರಿಗೇಡ್ ರೋಡ್, ಚರ್ಚ್ ಸ್ಟ್ರೀಟ್, ರೆಸಿಡೆನ್ಸಿ ರೋಡ್. 1989ರಲ್ಲಿ ಶುರುವಾದ ಪೆಕೋಸ್‌ನಂಥ ಪಬ್‌ಗಳಲ್ಲಿ ಹಳೇ ರಾಕ್ ಕ್ಯಾಸೆಟ್ ಓಡ್ತಿತ್ತು. ಬೆಂಗಳೂರಿಗೆ ‘ಭಾರತದ ರಾಕ್ ರಾಜಧಾನಿ’ ಅಂತ ಹೆಸರು ಬಂದಿದ್ದು ಇಲ್ಲಿಂದ. 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್ ಅರಮನೆ ಮೈದಾನಕ್ಕೆ ಬಂದು ಹಾಡಿದ್ರು. ಊರಿನದೇ ಬ್ಯಾಂಡ್‌ಗಳೂ ಇದ್ದವು. ಬಿಟಿಎಂ ಪಕ್ಕದಲ್ಲೇ ಇರೋ ಕ್ರೈಸ್ಟ್ ಕಾಲೇಜಿನಲ್ಲಿ 1996ರಲ್ಲಿ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಹುಟ್ಟಿತು. ಇವರೆಲ್ಲ ಒಳ್ಳೇ ಸಂಗೀತಗಾರರು. ಹಾಡ್ತಿದ್ದಿದ್ದು ಮಾತ್ರ ಹೆಚ್ಚಾಗಿ ಇಂಗ್ಲಿಷಲ್ಲಿ.

ಇನ್ನೊಂದು ಲೈನ್ ನಮ್ಮ ಕಡೆಯದು. ಬಸವನಗುಡಿ, ಜಯನಗರ, ಬನಶಂಕರಿ. ರಾಮನವಮಿ ಕಛೇರಿ, ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾ, ಮನೆಮನೆಯಲ್ಲಿ ಸುಗಮ ಸಂಗೀತದ ಕ್ಯಾಸೆಟ್. ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ 1978ರಲ್ಲೇ ಬಂದಿತ್ತು. ಅಂದ್ರೆ ಸಿನಿಮಾ ಇಲ್ಲದೆ, ಹೀರೋ ಇಲ್ಲದೆ, ಬರೀ ಕವಿತೆ ನಂಬಿಕೊಂಡು ಆಲ್ಬಂ ಮಾಡೋ ಅಭ್ಯಾಸ ಕನ್ನಡಕ್ಕೆ ಹೊಸದೇನಲ್ಲ. 2005ರಲ್ಲಿ ಸಿ. ಅಶ್ವಥ್ ‘ಕನ್ನಡವೇ ಸತ್ಯ’ ಕಾರ್ಯಕ್ರಮ ಮಾಡಿದ್ರು. ಎಲ್ಲಿ ಗೊತ್ತಾ? ಅದೇ ಅರಮನೆ ಮೈದಾನದಲ್ಲಿ, ಜನಸಾಗರದ ಮುಂದೆ!

ಒಂದೇ ಮೈದಾನ, ಒಂದೇ ಊರು. ಆದ್ರೆ ಎರಡು ಬೇರೆ ಬೇರೆ ಜನ. ಇವರ ಕ್ಯಾಸೆಟ್ ಅವರ ಮನೆಯಲ್ಲಿ ಇರ್ತಿರಲಿಲ್ಲ, ಅವರದ್ದು ಇವರ ಮನೆಯಲ್ಲಿ ಇರ್ತಿರಲಿಲ್ಲ.

3/10
ಈ ಎರಡೂ ಲೈನಿನ ಹೊರಗಿನಿಂದ ಒಬ್ಬರು ಬಂದ್ರು. ಮೈಸೂರಿನಿಂದ.

ರಘು ದೀಕ್ಷಿತ್ ಹುಟ್ಟಿದ್ದು 1974ರಲ್ಲಿ ನಾಸಿಕ್‌ನಲ್ಲಿ, ಬೆಳೆದಿದ್ದು ಮೈಸೂರಲ್ಲಿ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮೈಕ್ರೋಬಯಾಲಜಿ ಎಂಎಸ್ಸಿ, ಅದರಲ್ಲಿ ಚಿನ್ನದ ಪದಕ. ಜೊತೆಗೆ ಭರತನಾಟ್ಯದಲ್ಲಿ ವಿದ್ವತ್. ಗಿಟಾರ್? ಅದು ಎಲ್ಲಾದಕ್ಕಿಂತ ಆಮೇಲೆ ಬಂದಿದ್ದು. ಹುಡುಗ ಆಗಿ ಡ್ಯಾನ್ಸ್ ಮಾಡ್ತೀಯಾ ಅಂತ ಕಾಲೇಜಿನಲ್ಲಿ ಒಬ್ಬ ಗೆಳೆಯ ಕಾಲೆಳೆದ, ಅದು ಚಾಲೆಂಜ್ ಆಯ್ತು, ಆ ಹಠಕ್ಕೆ ಗಿಟಾರ್ ಕಲಿತೆ ಅಂತ ಅವರೇ ಎಷ್ಟೋ ಸಂದರ್ಶನಗಳಲ್ಲಿ ಹೇಳಿದ್ದಾರೆ.

ಆ ಚಾಲೆಂಜನ್ನ ಅವರು ಗೆದ್ದ ರೀತಿ ನೋಡಿ. ಗಿಟಾರ್ ಹಿಡಿದ ಮೇಲೆ ಗೆಜ್ಜೆ ಬಿಡಲಿಲ್ಲ. ಇವತ್ತಿಗೂ ಸ್ಟೇಜ್ ಮೇಲೆ ಕಾಲಿಗೆ ಗೆಜ್ಜೆ, ಸೊಂಟಕ್ಕೆ ಬಣ್ಣದ ಲುಂಗಿ, ಹೆಗಲಿಗೆ ಗಿಟಾರ್. ರಾಕ್ ಅಂದ್ರೆ ಕಪ್ಪು ಟಿ ಶರ್ಟ್ ಅಂತಿದ್ದ ಊರಲ್ಲಿ ಆ ವೇಷ ಒಂದು ಮಾತನ್ನ ಮೊದಲೇ ಹೇಳಿಬಿಡ್ತಿತ್ತು: ನಾನು ಮನೆಯಲ್ಲಿ ಏನಾಗಿದ್ನೋ ಅದನ್ನ ಬಿಟ್ಟು ಸ್ಟೇಜಿಗೆ ಬರಲ್ಲ.

90ರ ದಶಕದ ಕೊನೆಯಲ್ಲಿ ‘ಅಂತರಾಗ್ನಿ’ ಅನ್ನೋ ಬ್ಯಾಂಡ್ ಕಟ್ಟಿದ್ರು. ಮಧ್ಯದಲ್ಲಿ ಕೆಲಸಕ್ಕೆ ಬೆಲ್ಜಿಯಂಗೆ ಹೋದ್ರು. ಅಲ್ಲಿನ ರೇಡಿಯೋದಲ್ಲಿ ಅವರ ಹಾಡು ಬಂತು. ಲ್ಯಾಬ್ ಕೋಟು ತೆಗೆದಿಟ್ಟು ಊರಿಗೆ ವಾಪಸ್ ಬಂದ್ರು. ಕೆಲವು ವರ್ಷದ ಮೇಲೆ ಬ್ಯಾಂಡ್ ಒಡೀತು. ಹಾಡುಗಳು ಉಳಿದವು, ನುಡಿಸೋ ಗೆಳೆಯರು ಉಳಿಯಲಿಲ್ಲ. ಆಗ ಶುರುವಾಗಿದ್ದೇ ‘ರಘು ದೀಕ್ಷಿತ್ ಪ್ರಾಜೆಕ್ಟ್’. ಬಾಗಿಲು ತೆಗೆದಿಟ್ಟ ಮನೆ ಥರ. ಯಾವ ಸಂಗೀತಗಾರ ಬೇಕಾದ್ರೂ ಬಂದು ನುಡಿಸಬಹುದು, ಹೋಗಬಹುದು. ಯಜಮಾನ ಒಬ್ಬನೇ.

4/10
ಈಗ ಕಷ್ಟದ ಭಾಗ. ಹಾಡು ಇದೆ, ಜನ ಕೇಳ್ತಿದ್ದಾರೆ, ಆದ್ರೆ ಆಲ್ಬಂ ತರೋರು ಯಾರೂ ಇಲ್ಲ. ವರ್ಷಗಟ್ಟಲೆ ಮ್ಯೂಸಿಕ್ ಕಂಪನಿಗಳ ಬಾಗಿಲು ತಟ್ಟಿದ್ರೂ ಎಲ್ಲ ಕಡೆ ‘ಇಲ್ಲ’. ಯಾಕೆ ಅನ್ನೋದು ಅರ್ಥ ಆಗಬೇಕಂದ್ರೆ ಆಗಿನ ವ್ಯಾಪಾರ ಹೇಗಿತ್ತು ಅಂತ ನೋಡಬೇಕು.

90ರ ದಶಕದಲ್ಲಿ ಸಿನಿಮಾ ಬಿಟ್ಟ ಹಾಡಿಗೆ ಒಂದು ಒಳ್ಳೇ ಕಾಲ ಇತ್ತು. ಅಲೀಶಾ ಚಿನಾಯ್ ಅವರ ‘ಮೇಡ್ ಇನ್ ಇಂಡಿಯಾ’ 1995ರಲ್ಲಿ, ಲಕ್ಕಿ ಅಲಿ ಅವರ ‘ಸುನೋ’ 1996ರಲ್ಲಿ. ಟಿವಿಯಲ್ಲಿ ಮ್ಯೂಸಿಕ್ ಚಾನೆಲ್ ಇತ್ತು, ಅಂಗಡಿಯಲ್ಲಿ ಕ್ಯಾಸೆಟ್ ಇತ್ತು, ಎರಡೂ ಸೇರಿ ಹೊಸಬರನ್ನ ಮನೆಗೆ ತಲುಪಿಸ್ತಿದ್ವು. 2000 ದಾಟಿದ ಮೇಲೆ ಈ ಸರಪಳಿ ತುಂಡಾಯ್ತು. ಮ್ಯೂಸಿಕ್ ಚಾನೆಲ್‌ಗಳಲ್ಲಿ ಸಿನಿಮಾ ಹಾಡೇ ತುಂಬ್ಕೊಂಡ್ವು. ಸಾವಿರಾರು ಹಾಡಿರೋ ಎಂಪಿ3 ಸಿಡಿ ಫುಟ್‌ಪಾತಲ್ಲಿ ಚಿಲ್ಲರೆ ಕಾಸಿಗೆ ಸಿಗೋಕೆ ಶುರುವಾಯ್ತು. ಕಂಪನಿಗಳು ಸಿನಿಮಾ ಹಕ್ಕಿಗೆ ದುಡ್ಡು ಹಾಕೋದೇ ಸೇಫ್ ಅಂದ್ಕೊಂಡ್ವು.

ಕನ್ನಡದಲ್ಲಂತೂ ಕೇಳಲೇಬೇಡಿ. 2006ರ ಡಿಸೆಂಬರಲ್ಲಿ ‘ಮುಂಗಾರು ಮಳೆ’ ಬಂತು. ಮನೋಮೂರ್ತಿ ಹಾಡುಗಳು ಊರೆಲ್ಲ ನೆನೆಸಿದ್ವು. ಖುಷಿಯ ವಿಷಯವೇ. ಆದ್ರೆ ಆ ಮಳೆಯಾದ ಮೇಲೆ ಕನ್ನಡ ಹಾಡು ಅಂದ್ರೆ ಸಿನಿಮಾ ಹಾಡು ಅನ್ನೋದು ಇನ್ನೂ ಗಟ್ಟಿಯಾಯ್ತು.

ಇಂಥ ಟೈಮಲ್ಲಿ ಒಬ್ಬರು ಬಂದು ಹೇಳ್ತಾರೆ: ನನ್ನ ಹತ್ರ ಸ್ವಲ್ಪ ಹಿಂದಿ, ಸ್ವಲ್ಪ ಕನ್ನಡ, ಸ್ವಲ್ಪ ಇಂಗ್ಲಿಷ್ ಹಾಡಿದೆ. ಒಂದು ಕಡೆ ಜಾನಪದದ ವಾಸನೆ, ಒಂದು ಕಡೆ ರಾಕ್. ಅಂಗಡಿಯವನು ಆ ಸಿಡಿಯನ್ನ ಯಾವ ಕಪಾಟಲ್ಲಿ ಇಡಬೇಕು? ತಮಾಷೆಯ ಪ್ರಶ್ನೆ ಅಲ್ಲ ಇದು. ಆಗ ಕಪಾಟಿನ ಮೇಲೆ ಯಾವ ಚೀಟಿ ಅಂಟಿಸಬೇಕು ಅಂತ ಗೊತ್ತಾಗದಿದ್ರೆ ಸಿಡಿ ಅಚ್ಚೇ ಆಗ್ತಿರಲಿಲ್ಲ.

5/10
ದಾರಿ ತೆರೆದಿದ್ದು ಮುಂಬೈನಲ್ಲಿ. ಅಲ್ಲೊಂದು ಶೋನಲ್ಲಿ ರಘು ಹಾಡೋದನ್ನ ವಿಶಾಲ್ ದದ್ಲಾನಿ, ಶೇಖರ್ ರಾವ್ಜಿಯಾನಿ ಕೇಳಿದ್ರು. ಇವರು ಬಾಲಿವುಡ್‌ನ ವಿಶಾಲ್–ಶೇಖರ್. 2007ರಲ್ಲಿ ‘ಓಂ ಶಾಂತಿ ಓಂ’ ಮಾಡಿದ ಜೋಡಿ. ವಿಶಾಲ್ ಮೂಲತಃ ರಾಕ್‌ನವರೇ. ಮುಂಬೈನ ‘ಪೆಂಟಾಗ್ರಾಂ’ ಬ್ಯಾಂಡಿನ ಗಾಯಕ. ಸಿನಿಮಾದ ಒಳಗೇ ಇದ್ದವರು ಸಿನಿಮಾ ಬಿಟ್ಟ ಹಾಡಿಗೆ ಜಾಗ ಬೇಕು ಅಂತ ತಮ್ಮದೇ ಲೇಬಲ್ ಶುರು ಮಾಡಿದ್ರು. ಅದರಲ್ಲಿ 2008ರಲ್ಲಿ ಈ ಆಲ್ಬಂ ಬಂತು.

ಎಂಟು ಹಾಡು ಇವು:
‘ಹೇ ಭಗವಾನ್’
‘ಮೈಸೂರ್ ಸೇ ಆಯೀ’
‘ಹರ್ ಸಾಂಸ್ ಮೇ’
‘ಖಿಡ್ಕೀ’
‘ನೋ ಮ್ಯಾನ್ ವಿಲ್ ಎವರ್ ಲವ್ ಯೂ ಲೈಕ್ ಐ ಡೂ’
‘ಐ ಆಮ್ ಇನ್ ಮುಂಬೈ ವೇಟಿಂಗ್ ಫಾರ್ ಎ ಮಿರಾಕಲ್’
‘ಗುಡುಗುಡಿಯಾ ಸೇದಿ ನೋಡೋ’
‘ಸೋರುತಿಹುದು ಮನೆಯ ಮಾಳಿಗಿ’

ನಾಲ್ಕು ಹಿಂದಿ, ಎರಡು ಇಂಗ್ಲಿಷ್, ಎರಡು ಕನ್ನಡ. (ಮೇಲಿನದು ನಾನು ಭಾಷೆ ಪ್ರಕಾರ ಜೋಡಿಸಿದ ಪಟ್ಟಿ, ಆಲ್ಬಂನ ಕ್ರಮ ಅಲ್ಲ.)

ಹೆಸರುಗಳನ್ನೇ ಒಂದ್ಸಲ ಓದಿ. ಒಂದರಲ್ಲಿ ಮೈಸೂರಿದೆ, ಒಂದರಲ್ಲಿ ಮುಂಬೈ ಇದೆ. ಊರು ಬಿಟ್ಟು ಹೋಗಿ ಪವಾಡಕ್ಕೆ ಕಾಯ್ತಾ ಕೂತವನ ಹಾಡಿದೆ. ದೇವರನ್ನ ಕೂಗೋ ಹಾಡಿದೆ, ಕಿಟಕಿ ಇದೆ, ಸೋರೋ ಮನೆ ಇದೆ. ಪ್ರೀತಿಗೆ ಒಂದು ಭಾಷೆ, ಕಾಯೋದಕ್ಕೆ ಒಂದು ಭಾಷೆ, ತತ್ವಕ್ಕೆ ಒಂದು ಭಾಷೆ.

ನಮ್ಮ ದಿನಾನೂ ಹೀಗೇ ಅಲ್ವಾ? ಮನೆಯಲ್ಲಿ ಅಮ್ಮನ ಜೊತೆ ಕನ್ನಡ, ಕ್ಲಾಸಲ್ಲಿ ಇಂಗ್ಲಿಷ್, ಬಿಟಿಎಂ ಪಿಜಿ ರೂಂಮೇಟ್ ಜೊತೆ ಹಿಂದಿ. ಅಂಗಡಿಯ ಯಾವ ಕಪಾಟಿಗೂ ಹೊಂದದೆ ಇದ್ದಿದ್ದಕ್ಕೆ ಕಾರಣ ಆಲ್ಬಂನ ಗೊಂದಲ ಅಲ್ಲ. ದಕ್ಷಿಣ ಬೆಂಗಳೂರಿನ ಒಂದು ಸಾಮಾನ್ಯ ದಿನ ಯಾವ ಕಪಾಟಿಗೂ ಹೊಂದಲ್ಲ, ಅಷ್ಟೇ.

6/10
ಈಗ ಎರಡು ಕನ್ನಡ ಹಾಡಿನ ಕಡೆ ಬರೋಣ. ಎರಡೂ ಶಿಶುನಾಳ ಶರೀಫರದ್ದು.

ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಊರು ಶಿಶುನಾಳ, ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕು. ಹುಟ್ಟಿದ್ದು ಮುಸ್ಲಿಂ ಮನೆಯಲ್ಲಿ, ಗುರು ಆಗಿದ್ದು ಕಳಸದ ಗೋವಿಂದ ಭಟ್ಟರು. ಸ್ವಲ್ಪ ಕಾಲ ಮೇಷ್ಟ್ರ ಕೆಲಸ. ಬರೆದಿದ್ದು ಸಿಂಹಾಸನದ ಮೇಲೆ ಕೂತವರ ವಿಷಯ ಅಲ್ಲ, ಕಣ್ಣಿಗೆ ಬಿದ್ದ ವಸ್ತುಗಳ ವಿಷಯ. ಕೋಳಿ, ಕೋಡಗ, ಮನೆ ಮಾಳಿಗೆ, ಹುಕ್ಕಾ. ಆಗ ಹೊಸದಾಗಿ ಬಂದಿದ್ದ ಗಿರಣಿ ನೋಡಿ ಅದರ ಮೇಲೂ ಒಂದು ಪದ ಕಟ್ಟಿದ್ರು! ಹೊಸ ಯಂತ್ರ ಬಂದ್ರೆ ಹೆದರೋ ಸಂತ ಅಲ್ಲ ಅವರು. ಅದರ ಚಕ್ರದಲ್ಲೂ ತತ್ವ ಹುಡುಕೋರು.

ಗುಡುಗುಡಿ ಅಂದ್ರೆ ಹುಕ್ಕಾ. ನೀರಿನೊಳಗೆ ಹೊಗೆ ಹಾದು ಬರುವಾಗ ಗುಡುಗುಡು ಅನ್ನುತ್ತಲ್ಲ, ಅದಕ್ಕೇ ಆ ಹೆಸರು. ಮೇಲಿಂದ ನೋಡಿದ್ರೆ ‘ಒಂದು ದಮ್ ಎಳಿ ಗುರು’ ಅನ್ನೋ ಹಾಡು. ಫೆಸ್ಟ್‌ನಲ್ಲಿ ನಾವು ಹಾಗೇ ಕುಣಿಯೋದು. ಒಳಗೆ ನೋಡಿದ್ರೆ ಹುಕ್ಕಾ ಅಂದ್ರೆ ಈ ದೇಹ. ಒಳಗಿನ ಕೆಟ್ಟ ಗುಣಗಳನ್ನ ಸುಟ್ಟು ಉಸಿರನ್ನ ಹದಕ್ಕೆ ತರೋದೇ ಸೇದೋದು. ತಂಬಾಕಿನ ಹಾಡಿನ ವೇಷದಲ್ಲಿ ಬಂದಿರೋ ಯೋಗದ ಪಾಠ.

ತತ್ವಪದಗಳ ಮಜಾನೇ ಇದು. ಎರಡು ಮಹಡಿ ಮನೆ ಥರ. ಕೆಳಗಿನ ಮಹಡಿಯಲ್ಲಿ ಕುಣಿಯೋರು ಕುಣೀಬಹುದು. ಮೆಟ್ಟಿಲು ಅಲ್ಲೇ ಇದೆ, ಮನಸ್ಸಾದಾಗ ಹತ್ತಬಹುದು. ಯಾರನ್ನೂ ಎಳೆದು ಹತ್ತಿಸಲ್ಲ. ಹಾಗಾಗಿ ಈ ಹಾಡಿಗೆ ಜನ ಕುಣಿದ್ರೆ ಶರೀಫರಿಗೆ ಅವಮಾನ ಆಯ್ತು ಅನ್ನೋ ಮಾತನ್ನ ನಾನು ಒಪ್ಪಲ್ಲ. ಹಾಡನ್ನ ಕಟ್ಟಿರೋದೇ ಹಾಗೆ.

7/10
ಫೋಟೋ: ಮಳೆಗಾಲ, ಬನಶಂಕರಿಯ ಒಂದು ತಾರಸಿ, ಮೂರು ಬಕೆಟ್.

‘ಸೋರುತಿಹುದು ಮನೆಯ ಮಾಳಿಗಿ’ ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆಯ ಹಾಡು. ಮರದ ತೊಲೆ, ಮೇಲೆ ಮಣ್ಣು. ಆಗಾಗ ಮಣ್ಣು ಹಾಕಿ ಬಡಿದು ಸರಿ ಮಾಡದಿದ್ರೆ ಮಳೆಗೆ ಸೋರುತ್ತೆ. ಶರೀಫರ ಲೆಕ್ಕದಲ್ಲಿ ಸೋರೋದಕ್ಕೆ ಕಾರಣ ಮಳೆ ಅಲ್ಲ, ಒಳಗಿರೋರ ಅಜ್ಞಾನ. ನಾವು ಕಾಂಕ್ರೀಟಲ್ಲಿ ಇದ್ದೀವಿ, ಆದ್ರೂ ಟಾಪ್ ಫ್ಲೋರ್ ಬಾಡಿಗೆದಾರರಿಗೆ ಈ ಹಾಡು ಬಿಡಿಸಿ ಹೇಳಬೇಕಾ?

ಈ ಪದವನ್ನ ಬೆಂಗಳೂರಿಗೆ ತಲುಪಿಸಿದವರಲ್ಲಿ ದೊಡ್ಡ ಹೆಸರು ಸಿ. ಅಶ್ವಥ್. ಶರೀಫರ ಪದಗಳ ಕ್ಯಾಸೆಟ್, ಆಮೇಲೆ 1990ರಲ್ಲಿ ಟಿ.ಎಸ್. ನಾಗಾಭರಣ ಅವರ ‘ಸಂತ ಶಿಶುನಾಳ ಶರೀಫ’ ಸಿನಿಮಾ. ಅದರಲ್ಲಿ ಶರೀಫರಾಗಿ ಶ್ರೀಧರ್, ಗೋವಿಂದ ಭಟ್ಟರಾಗಿ ಗಿರೀಶ್ ಕಾರ್ನಾಡ್, ಸಂಗೀತ ಅಶ್ವಥ್. ಅವರ ದನಿ ಎಂಥದ್ದು ಅಂದ್ರೆ, ಊರ ಮಧ್ಯ ನಿಂತು ಎಲ್ಲರ ಮನೆ ಬಾಗಿಲಿಗೂ ಕೇಳೋ ಹಾಗೆ ಕೂಗಿ ಹೇಳೋ ದನಿ. ನಿಮ್ಮ ಮಾಳಿಗೆ ಸೋರ್ತಿದೆ, ಎದ್ದೇಳಿ ಅನ್ನೋ ಥರ.

ಅಂಥ ದನಿ ಜನರ ಕಿವಿಯಲ್ಲಿ ಕೂತಿರುವಾಗ ಅದೇ ಪದ ಹಾಡೋಕೆ ಧೈರ್ಯ ಬೇಕು. ಅಶ್ವಥ್ ಅವರನ್ನ ಅನುಕರಿಸಿದ್ರೆ ಯಾರೂ ಕೇಳಲ್ಲ. ರಘು ಬೇರೆ ಧಾಟಿ ಹಿಡಿದ್ರು. ಗಿಟಾರ್, ಬೇಸ್, ಡ್ರಮ್ಸ್ ಇರೋ ಬ್ಯಾಂಡು, ಅದರ ಮಧ್ಯ ತನ್ನದೇ ಮನೆ ಸೋರ್ತಿದೆ ಅಂತ ತನಗೇ ಹೇಳ್ಕೊಳ್ಳೋ ಒಬ್ಬನ ದನಿ.

ಇದು ಹೇಗೆ ಸಾಧ್ಯ ಆಯ್ತು? ತತ್ವಪದದ ಕಟ್ಟಡ ನೋಡಿ. ಒಂದು ಪಲ್ಲವಿ, ಅದಕ್ಕೆ ಮತ್ತೆ ಮತ್ತೆ ಮರಳೋದು. ಮಧ್ಯ ನುಡಿಗಳು. ಕೊನೆಯಲ್ಲಿ ಅಂಕಿತ. ಭಜನೆಯಲ್ಲಿ ಒಬ್ಬ ಎತ್ತಿಕೊಡ್ತಾನೆ, ಉಳಿದವರು ಪಲ್ಲವಿಗೆ ದನಿ ಸೇರಿಸ್ತಾರೆ. ರಾಕ್ ಹಾಡಿನ ಕಟ್ಟಡವೂ ಹೆಚ್ಚುಕಡಿಮೆ ಇದೇ. ಗಾಯಕ ನುಡಿ ಹಾಡ್ತಾನೆ, ಕೋರಸ್ ಬಂದಾಗ ಮೈದಾನವೇ ಹಾಡುತ್ತೆ. ಅಂದ್ರೆ ಇಲ್ಲಿ ಯಾವುದನ್ನೂ ಬಲವಂತವಾಗಿ ಹೊಲಿದಿಲ್ಲ. ಎರಡರ ಅಳತೆಯೂ ಮೊದಲೇ ಸರಿಹೋಗಿತ್ತು. ಅದನ್ನ ಗುರುತಿಸೋಕೆ ಎರಡೂ ಲೈನಲ್ಲಿ ಓಡಾಡಿದ ಕಿವಿ ಬೇಕಿತ್ತು.

ಎರಡನೇ ಪೋಸ್ಟಲ್ಲಿ ಹೇಳಿದ ಆ ಇಲ್ಲದ ಮೆಜೆಸ್ಟಿಕ್ ನೆನಪಿದೆಯಾ? ನನ್ನ ಲೆಕ್ಕದಲ್ಲಿ ಅದು ಈ ಎರಡು ಹಾಡು.

8/10
ಹಾಗಾದ್ರೆ ಆಲ್ಬಂ ಮರೆತುಹೋಗಿದ್ದು ಹೇಗೆ?

ಮೊದಲನೇ ಕಾರಣ ಸಿನಿಮಾ. ಅದೇ 2008ರಲ್ಲಿ ‘ಸೈಕೋ’ ಅನ್ನೋ ಕನ್ನಡ ಸಿನಿಮಾಗೆ ರಘು ಸಂಗೀತ ಕೊಟ್ರು. ‘ನಿನ್ನ ಪೂಜೆಗೆ ಬಂದೆ ಮಾದೇಶ್ವರ’ ಅದರದ್ದೇ. ಸಿನಿಮಾ ನೋಡದೇ ಇದ್ದವರಿಗೂ ಆ ಹಾಡು ಬಾಯಿಪಾಠ. 2010ರಲ್ಲಿ ಸುದೀಪ್ ಅವರ ‘ಜಸ್ಟ್ ಮಾತ್ ಮಾತಲ್ಲಿ’, ಅದರಲ್ಲಿ ‘ಮುಂಜಾನೆ ಮಂಜಲ್ಲಿ’. ಕನ್ನಡಿಗರಿಗೆ ರಘು ಸಿನಿಮಾ ಸಂಗೀತ ನಿರ್ದೇಶಕರಾಗಿ ಗೊತ್ತಾದ್ರು. ಸಿನಿಮಾ ಬಿಟ್ಟು ನಿಲ್ಲೋಕೆ ಹೊರಟ ಆಲ್ಬಂನ ಸಿನಿಮಾದ ನೆರಳೇ ಮುಚ್ಚಿತು.

ಎರಡನೇ ಕಾರಣ ವಿದೇಶ. 2010ರಲ್ಲಿ ಬಿಬಿಸಿಯ ‘ಲೇಟರ್ ವಿತ್ ಜೂಲ್ಸ್ ಹಾಲೆಂಡ್’ ಕಾರ್ಯಕ್ರಮದಲ್ಲಿ ಹಾಡಿದ ಮೇಲೆ ಈ ಆಲ್ಬಂ ಬ್ರಿಟನ್ನಿನ ಐಟ್ಯೂನ್ಸ್ ವಿಶ್ವ ಸಂಗೀತ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯ್ತು. 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವ, ಅದೇ ವರ್ಷ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಕಲಾವಿದರ ಪ್ರಶಸ್ತಿ. ಇದೆಲ್ಲ ದೊಡ್ಡ ಗೌರವ. ಆದ್ರೆ ನಮ್ಮ ಪೇಪರ್‌ಗಳಲ್ಲಿ ಬಂದ ಸುದ್ದಿ ‘ಲುಂಗಿ ಉಟ್ಟ ಕನ್ನಡಿಗ ಲಂಡನ್ನಿನಲ್ಲಿ’ ಅನ್ನೋ ಧಾಟಿಯದ್ದು. ಲುಂಗಿ ಎಲ್ಲರಿಗೂ ಕಾಣಿಸಿತು. ಹಾಡಲ್ಲಿ ಏನು ನಡೀತಿದೆ ಅಂತ ಕೇಳಿದವರು ಕಡಿಮೆ.

ಮೂರನೇ ಕಾರಣ ನಾವೇ, ಅಥವಾ ನಮ್ಮ ಫೋನು. ಸಿಡಿ ಕಾಲದ ಕೊನೆಗೆ ಬಂದ ಆಲ್ಬಂ ಇದು. ಸ್ವಲ್ಪ ವರ್ಷದಲ್ಲೇ ಸಿಡಿ ಪ್ಲೇಯರ್ ಮಾಯ. ಆ್ಯಪ್‌ಗಳು ಹಾಡನ್ನ ಒಂದೊಂದಾಗಿ ಬಿಡಿಸಿ ಕೊಟ್ವು. ಕನ್ನಡ ಪ್ಲೇಲಿಸ್ಟಿಗೆ ‘ಗುಡುಗುಡಿಯಾ’, ಹಿಂದಿ ಇಂಡೀ ಪ್ಲೇಲಿಸ್ಟಿಗೆ ‘ಮೈಸೂರ್ ಸೇ ಆಯೀ’. ಅಂಗಡಿಯವನಿಗೆ ಇದ್ದ ಕಪಾಟಿನ ತಲೆನೋವೇ ಆ್ಯಪ್‌ಗೂ ಇತ್ತು. ಅಂಗಡಿಯವನು ಬೇಡ ಅಂದ, ಆ್ಯಪ್ ಪಾಲು ಮಾಡಿ ಹಂಚಿತು. ಅವಿಭಕ್ತ ಕುಟುಂಬ ಒಡೆದ ಹಾಗೆ.

9/10
ಹೊಗಳಿಕೆ ಮಾತ್ರ ಬರೆದ್ರೆ ಅದು ಚರಿತ್ರೆ ಅಲ್ಲ, ಫ್ಯಾನ್ ಪೇಜ್. ಹಾಗಾಗಿ ಎದುರು ವಾದಗಳು.

ಒಂದು: ಎಂಟರಲ್ಲಿ ಕನ್ನಡ ಎರಡೇ. ಇದನ್ನ ಕನ್ನಡ ಆಲ್ಬಂ ಅಂತ ಹೇಗೆ ಕರೀತೀಯಾ? ಸರಿಯಾದ ಪ್ರಶ್ನೆ. ಇದು ಕನ್ನಡ ಆಲ್ಬಂ ಅಲ್ಲ. ಒಬ್ಬ ಕನ್ನಡಿಗನ ಆಲ್ಬಂ. ಆದ್ರೆ ಒಂದು ವಿಷಯ ಗಮನಿಸಿ. ಹಿಂದಿ ಮಾರುಕಟ್ಟೆಗೆ ಹೋಗುವಾಗ ಕನ್ನಡ ಹಾಡನ್ನ ಮನೆಯಲ್ಲೇ ಬಿಟ್ಟು ಹೋಗೋದು ಸುಲಭ ಇತ್ತು. ಮುಂಬೈನ ಲೇಬಲ್ಲು, ದೇಶಕ್ಕೆಲ್ಲ ಹೋಗೋ ಸಿಡಿ. ಅದರೊಳಗೆ 19ನೇ ಶತಮಾನದ ಶಿಶುನಾಳದ ಪದ ಅನುವಾದ ಆಗದೆ ಹಾಗೇ ಹೋಯ್ತು. ಅರ್ಥ ಆಗದವರೂ ಪಲ್ಲವಿಗೆ ದನಿ ಸೇರಿಸಿದ್ರು. ‘ಕನ್ನಡ ಇದ್ರೆ ಹೊರಗೆ ಯಾರು ಕೇಳ್ತಾರೆ’ ಅನ್ನೋ ಮಾತು ಇವತ್ತಿಗೂ ಕೇಳ್ತೀವಲ್ಲ, ಅದಕ್ಕೆ 2008ರಲ್ಲೇ ಉತ್ತರ ಸಿಕ್ಕಿತ್ತು.

ಎರಡು: ಇದು ರಾಕ್ ಹೌದಾ? ಮೆಟಲ್ ಕೇಳೋ ಗೆಳೆಯರು ‘ಇದು ಫೋಕ್ ಕಣೋ’ ಅಂತಾರೆ. ಶುದ್ಧ ಸಂಗೀತದ ಕಡೆಯವರು ‘ಇದು ಗಲಾಟೆ’ ಅಂತಾರೆ. ಎರಡು ಕಡೆಯವರೂ ತಮ್ಮದಲ್ಲ ಅಂತ ತಳ್ಳಿದ್ದೇ ಆ ಜಾಗ ಖಾಲಿ ಇತ್ತು ಅನ್ನೋದಕ್ಕೆ ಸಾಕ್ಷಿ.

ಮೂರು: ಇದು ಸಂಗೀತದ ಮಾತಲ್ಲ, ಆದ್ರೆ ಬಿಟ್ಟು ಹೋಗೋ ಹಾಗಿಲ್ಲ. 2018ರ ಅಕ್ಟೋಬರಲ್ಲಿ ಮೀ ಟೂ ದನಿಗಳು ಎದ್ದಾಗ ರಘು ದೀಕ್ಷಿತ್ ಮೇಲೂ ಆರೋಪ ಬಂತು. ಅವರು ಸಾರ್ವಜನಿಕವಾಗಿ ಉತ್ತರಿಸಿ ಕ್ಷಮೆ ಕೇಳಿದ್ರು. ಆಮೇಲೆ ಈ ಹಾಡುಗಳನ್ನ ಕೇಳಬೇಕಾ ಬೇಡ್ವಾ ಅನ್ನೋದನ್ನ ಒಬ್ಬೊಬ್ಬರು ಒಂದೊಂದು ಥರ ತೀರ್ಮಾನಿಸಿದ್ದಾರೆ, ಅದು ಅವರವರ ಹಕ್ಕು. ಆಲ್ಬಂನ ಚರಿತ್ರೆ ಬರೆಯೋರು ಅದನ್ನ ಮುಚ್ಚಿಡಬಾರದು ಅನ್ನೋದಷ್ಟೇ ನನ್ನ ಮಾತು.

10/10
ಆಮೇಲೆ ಏನಾಯ್ತು?

2009ರಲ್ಲಿ ‘ಸ್ವರಾತ್ಮ’ ಬ್ಯಾಂಡಿನ ಮೊದಲ ಆಲ್ಬಂ ಬಂತು. ಗಾಯಕ ವಾಸು ದೀಕ್ಷಿತ್ (ಹೌದು, ಇನ್ನೊಬ್ಬ ದೀಕ್ಷಿತ್, ಅವರದ್ದೂ ಮೈಸೂರೇ). ಅದರಲ್ಲೂ ಹಿಂದಿ, ಕನ್ನಡ ಪಕ್ಕಪಕ್ಕ. 2013ರಲ್ಲಿ ರಘು ಅವರ ಎರಡನೇ ಆಲ್ಬಂ ‘ಜಗ್ ಚಂಗಾ’, ಅಲ್ಲೂ ಶರೀಫರು ಇದ್ದಾರೆ: ‘ಲೋಕದ ಕಾಳಜಿ’. ಈಗ ಕನ್ನಡ ರ‍್ಯಾಪ್ ಇದೆ, ಆಲ್ ಓಕೆ ಥರದವರು ಸಿನಿಮಾ ಕಾಯದೆ ಹಾಡು ಬಿಡ್ತಾರೆ. ನಮ್ಮ ಕಾಲೇಜಿನ ಹುಡುಗ ಹುಡುಗಿಯರು ಹಾಸ್ಟೆಲ್ ರೂಮಲ್ಲೇ ರೆಕಾರ್ಡ್ ಮಾಡಿ ಅಪ್‌ಲೋಡ್ ಮಾಡ್ತಾರೆ. ಇವರೆಲ್ಲ ಆ ಆಲ್ಬಂನಿಂದಲೇ ಹುಟ್ಟಿದ್ರು ಅಂತ ನಾನು ಹೇಳ್ತಿಲ್ಲ. ಆದ್ರೆ ‘ಕನ್ನಡದಲ್ಲಿ ಬ್ಯಾಂಡ್ ಮಾಡಿದ್ರೆ ಯಾರು ಕೇಳ್ತಾರೆ’ ಅಂತ ಮನೆಯಲ್ಲಿ ಕೇಳಿದ್ರೆ ತೋರಿಸೋಕೆ ಒಂದು ಸಿಡಿ ಇತ್ತು. ಅದು ಸಣ್ಣ ವಿಷಯ ಅಲ್ಲ.

ಇನ್ನೂ ಒಂದು. ಆ ಹಾಡುಗಳು ಹಲವು ವರ್ಷ ಆಲ್ಬಂ ಆಗದೆ ಕಾದಿದ್ವು. ಆ ವರ್ಷಗಳಲ್ಲಿ ಯಾರಾದ್ರೂ ‘ಪೂರ್ತಿ ಹಿಂದಿ ಮಾಡು, ತಗೋತೀವಿ’ ಅಂದಿದ್ರೆ, ಅದಕ್ಕೆ ಇವರೂ ಹೂಂ ಅಂದಿದ್ರೆ, ನಮ್ಮ ಫೆಸ್ಟ್‌ಗಳಲ್ಲಿ ಇವತ್ತು ಶರೀಫರು ಇರ್ತಿರಲಿಲ್ಲ. ಹಾಡು ಬರೆಯೋ ಗೆಳೆಯರೇ, ಗೆಳತಿಯರೇ, ಇದನ್ನ ಸ್ವಲ್ಪ ಯೋಚನೆ ಮಾಡಿ. ನಿಮ್ಮ ಹಾಡಿಗೆ ಯಾವ ಕಪಾಟು ಅಂತ ಯಾರಿಗೂ ಗೊತ್ತಾಗ್ತಿಲ್ಲ ಅಂದ್ರೆ ಹಾಡು ಕೆಟ್ಟದು ಅಂತ ಅಲ್ಲ.

ಈ ವಾರದ ಹೋಂವರ್ಕ್:
ಆ ಎಂಟೂ ಹಾಡನ್ನ ಶಫಲ್ ಆಫ್ ಮಾಡಿ, ಒಂದೇ ಸಲ ಕೂತು ಕೇಳಿ. ಮಧ್ಯ ಸ್ಕಿಪ್ ಬೇಡ.
ಆಮೇಲೆ ಅಶ್ವಥ್ ಅವರ ‘ಸೋರುತಿಹುದು’ ಕೇಳಿ, ತಕ್ಷಣ ರಘು ಅವರದ್ದು ಕೇಳಿ. ಯಾವುದು ದೊಡ್ಡದು ಅಂತ ಜಗಳ ಬೇಡ. ಎರಡರಲ್ಲೂ ಮನೆ ಯಾರದ್ದು, ಸೋರ್ತಿರೋದು ಯಾರ ತಲೆ ಮೇಲೆ ಅಂತ ನೋಡಿ.
ಕೇಳಿದ ಮೇಲೆ ಕೆಳಗೆ ಬರೀರಿ. ಅಪ್ಪ ಅಮ್ಮನ ಜೊತೆ ಕೇಳಿದ್ರೆ ಅವರು ಏನಂದ್ರು ಅಂತಾನೂ ಬರೀರಿ, ಅದನ್ನ ಓದೋಕೆ ನನಗೆ ಜಾಸ್ತಿ ಆಸೆ.

#ಕನ್ನಡಹಾಡಿನಚರಿತ್ರೆ #ರಘುದೀಕ್ಷಿತ್ #ಶಿಶುನಾಳಶರೀಫ #ನಮ್ಮಜಯನಗರ #ಪೂರ್ತಿಆಲ್ಬಂಕೇಳಿ